ಬೋಧಕವರ್ಗದ ವೈವಿಧ್ಯ ಮತ್ತು ವಿದ್ಯಾರ್ಥಿಯ ಶ್ರೇಯಸ್ಸು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಡೋಹರ ಕಕ್ಕಯ್ಯ ಮೊದಲಾದ ಶರಣರು ಅನುಭಾವಗೋಷ್ಠಿಯಲ್ಲಿ ಕೇಳುವವರಾಗಿ ಮಾತ್ರವಲ್ಲದೆ ಹೇಳುವವರಾಗಿಯೂ ಕುಳಿತಿದ್ದರೆಂದು ಪರಂಪರೆ ನೆನೆಯುತ್ತದೆ. ಬೋಧಿಸುವ ಸ್ಥಾನದಲ್ಲಿ ಯಾರಿದ್ದಾರೆಂಬುದು ಕಲಿಯುವವರ ಏಳಿಗೆಯನ್ನು ತಟ್ಟುವುದೇ ಎಂಬ ಪ್ರಶ್ನೆ ಇಂದು ಉಚ್ಚಶಿಕ್ಷಣದಲ್ಲಿ ಕೇವಲ ಭಾವನೆಯ ವಿಷಯವಾಗಿ ಉಳಿದಿಲ್ಲ. ಅಳೆದು ನೋಡಿದ ವಿಷಯವಾಗಿದೆ.

ಅಳೆಯುವುದೇನೋ ಸುಲಭವಲ್ಲ. ವಿದ್ಯಾರ್ಥಿಗಳು ಅಧ್ಯಾಪಕರನ್ನು ತಾವೇ ಆರಿಸಿಕೊಳ್ಳುವಲ್ಲಿ, ಫಲಿತಾಂಶಕ್ಕೆ ಕಾರಣ ಬೋಧನೆಯೋ ಆಯ್ಕೆಯೋ ತಿಳಿಯದು. ಅಮೆರಿಕದ ವಾಯುಸೇನಾ ಅಕಾಡೆಮಿಯಲ್ಲಿ ಈ ತೊಡಕಿರಲಿಲ್ಲ. ಅಲ್ಲಿ ಕಡ್ಡಾಯ ವಿಷಯಗಳ ತರಗತಿಗಳಿಗೆ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಹಂಚುತ್ತಿದ್ದರು. ಪಠ್ಯಕ್ರಮ ಒಂದೇ, ಪರೀಕ್ಷೆಯೂ ಒಂದೇ. ಕ್ಯಾರೆಲ್, ಪೇಜ್, ವೆಸ್ಟ್ ಎಂಬ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಹಿಳಾ ಪ್ರಾಧ್ಯಾಪಕರು ಗಣಿತ ವಿಜ್ಞಾನಗಳನ್ನು ಬೋಧಿಸಿದಾಗ ಪುರುಷ ವಿದ್ಯಾರ್ಥಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಿದ್ಯಾರ್ಥಿನಿಯರ ಸಾಧನೆ ಮಾತ್ರ ಮೇಲೇರಿತು. ಗಣಿತದಲ್ಲಿ ಮೊದಲೇ ಸಮರ್ಥರಾಗಿದ್ದವರಲ್ಲಂತೂ ಸ್ತ್ರೀಪುರುಷರ ನಡುವಿನ ಅಂತರವೇ ಅಳಿಯಿತು. ಮಾನವಿಕ ವಿಷಯಗಳಲ್ಲಿ ಪರಿಣಾಮ ಅತ್ಯಲ್ಪ. ಸಾಹಿತ್ಯದ ಅಧ್ಯಾಪಕರು ಇದರಿಂದ ಹಿಗ್ಗಬೇಕೋ ಕುಗ್ಗಬೇಕೋ ಅವರೇ ನಿರ್ಧರಿಸಲಿ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಲೆಕ್ಕದ ರೂಪ ತಾಳಿತು. ಕೇಂದ್ರೀಯ ವಿದ್ಯಾಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡ 15, ಪರಿಶಿಷ್ಟ ಪಂಗಡಕ್ಕೆ 7.5, ಇತರ ಹಿಂದುಳಿದ ವರ್ಗಗಳಿಗೆ 27 ಮೀಸಲು. ನೂರನ್ನು ಹದಿನೈದರಿಂದ ಭಾಗಿಸಿದರೆ ಆರೂವರೆಗೆ ತುಸು ಮಿಗಿಲು. ಆದುದರಿಂದ ಪರಿಶಿಷ್ಟ ಜಾತಿಯ ಸರದಿ ಬರುವುದು ಏಳನೆಯ ಹುದ್ದೆಗೆ. ಇದೇ ರೀತಿ ಹಿಂದುಳಿದ ವರ್ಗದ್ದು ನಾಲ್ಕನೆಯದಕ್ಕೆ, ಪಂಗಡದ್ದು ಹದಿನಾಲ್ಕನೆಯದಕ್ಕೆ. ವಿಶ್ವವಿದ್ಯಾಲಯವನ್ನು ಒಂದು ಘಟಕವಾಗಿ ಎಣಿಸಿದರೆ ಎಲ್ಲರ ಸರದಿಯೂ ಬಂದೀತು. ಆದರೆ 2017ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯ ವಿಭಾಗವನ್ನೇ ಘಟಕವೆಂದು ತೀರ್ಪಿತ್ತಿತು. ಒಂದು ಶ್ರೇಣಿಯಲ್ಲಿ ಮೂರೇ ಹುದ್ದೆಗಳಿರುವ ವಿಭಾಗದಲ್ಲಿ ಮೂರೂ ವರ್ಗಗಳಿಗೆ ಸೊನ್ನೆ! 2018ರ ಮಾರ್ಚಿನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಇದನ್ನೇ ಅನುಸರಿಸಿ ಆದೇಶ ಹೊರಡಿಸಿತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮೇಲ್ಮನವಿಗಳನ್ನು ತಳ್ಳಿಹಾಕಿತು. ಪ್ರತಿಭಟನೆಗಳು ನಡೆದು, ಸುಗ್ರೀವಾಜ್ಞೆ ಬಂದು, ಅದೇ ವರ್ಷ ಸಂಸತ್ತು ಅಧ್ಯಾಪಕ ಹುದ್ದೆಗಳ ಮೀಸಲಾತಿಗೆ ಕಾಯಿದೆ ಮಾಡಿ ಸಂಸ್ಥೆಯೇ ಘಟಕವೆಂದು ಸ್ಥಿರಪಡಿಸಿತು.

ಅನುಬಂಧದಲ್ಲಿ ಹೆಸರಿಸಿದ ಕೆಲವು ಸಂಶೋಧನ ಸಂಸ್ಥೆಗಳಿಗೂ ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಈ ಕಾಯಿದೆ ಅನ್ವಯಿಸದು. ಮಠಗಳು ನಡೆಸುವ ಕಾಲೇಜುಗಳೂ ಇದರ ವ್ಯಾಪ್ತಿಯಲ್ಲಿಲ್ಲ. ಸಿದ್ಧಗಂಗೆಯಂಥ ಮಠಗಳ ದಾಸೋಹದಲ್ಲಿ ಎಲ್ಲ ಜಾತಿಮತಗಳ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತ ಬಂದಿದ್ದಾರೆ. ಅಧ್ಯಾಪಕರ ಕೊಠಡಿಯ ಪಂಕ್ತಿಯನ್ನು ಅದೇ ಕಣ್ಣಿನಿಂದ ನೋಡುವುದಕ್ಕೆ ಕೇಂದ್ರದ ಈ ಕಾಯಿದೆಯನ್ನು ಕಾಯಬೇಕಾದ ಅಗತ್ಯ ಆಡಳಿತಮಂಡಳಿಗಳಿಗಿಲ್ಲ.