ಕರೆಂಟ್ ಕೆಲಸ ಅಂತ ಮೂಗು ಮುರೀಬೇಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲೂ ಒಂದೇ ಮಾತು: ಸೈನ್ಸಾ, ಕಾಮರ್ಸಾ? ಅಂಥ ಹೊತ್ತಿನಲ್ಲಿ ಮಗ 'ಅಮ್ಮಾ, ನಾನು ಎಲೆಕ್ಟ್ರಿಕಲ್ ಕೆಲಸ ಕಲೀತೀನಿ' ಅಂದರೆ ನಿಮಗೆ ಎದೆ ಧಸಕ್ಕೆನ್ನುತ್ತದೆ, ಅಲ್ಲವೇ? ನೆಂಟರಿಷ್ಟರಿಗೆ ಏನು ಹೇಳೋದು ಎಂಬ ಚಿಂತೆ ಒಂದು ಕಡೆ, ಶಾಕ್ ಗೀಕ್ ಹೊಡೆದರೆ ಗತಿಯೇನು ಎಂಬ ಹೆದರಿಕೆ ಇನ್ನೊಂದು ಕಡೆ. ಹಾಗಂತ ಆಸಕ್ತಿಯಿಲ್ಲದ ಹುಡುಗನನ್ನು ಒಡವೆ ಅಡವಿಟ್ಟು ಎಂಜಿನಿಯರಿಂಗ್‌ಗೆ ಸೇರಿಸಿದರೆ, ನಾಲ್ಕು ವರ್ಷದ ನಂತರ ಕೈಯಲ್ಲಿ ಉಳಿಯೋದು ಸಾಲ ಮಾತ್ರ ಆಗಬಹುದು. ಬೇಡ ಎನ್ನುವ ಮೊದಲು ಈ ಕಲಿಕೆ ಎಂಥದ್ದು ಅಂತ ಸ್ವಲ್ಪ ತಿಳಿದುಕೊಳ್ಳಿ.

ಎರಡು ದಾರಿ

ಮೊದಲನೆಯದು ಐಟಿಐ. ಇಲ್ಲಿನ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ್ದು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಓದಿಗಿಂತ ಕೈಕೆಲಸಕ್ಕೇ ಹೆಚ್ಚು ಹೊತ್ತು. ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಸೇರಿದರೆ ಕೆಲಸ ಕಲಿಯುತ್ತಲೇ ಸ್ಟೈಪೆಂಡ್ ಸಿಗುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಎಚ್‌ಎಎಲ್, ಬಿಇಎಲ್, ರೈಲ್ವೆಯಂಥ ದೊಡ್ಡ ಸಂಸ್ಥೆಗಳೂ ಹೀಗೆ ತೆಗೆದುಕೊಳ್ಳುತ್ತವೆ.

ಎರಡನೆಯದು ಪಾಲಿಟೆಕ್ನಿಕ್‌ನ ಮೂರು ವರ್ಷದ ಎಲೆಕ್ಟ್ರಿಕಲ್ ಡಿಪ್ಲೊಮಾ. ಇಲ್ಲಿ ಲೆಕ್ಕ, ಡ್ರಾಯಿಂಗ್, ಎಸ್ಟಿಮೇಟ್ ಹಾಕುವುದು ಜಾಸ್ತಿ. ಕಟ್ಟಡದ ಸೈಟಿನಲ್ಲಿ ಸೂಪರ್‌ವೈಸರ್ ಆಗುವ ಆಸೆಯಿದ್ದರೆ ಇದೇ ವಾಸಿ.

'ಐಟಿಐಗೆ ಹೋದರೆ ಅಲ್ಲಿಗೇ ಓದು ಮುಗೀತು' ಅನ್ನುವವರಿಗೆ ಒಂದು ಮಾತು. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಲು ಅವಕಾಶವಿದೆ. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಹೋಗಬಹುದು. ಬಾಗಿಲು ಮುಚ್ಚುವುದಿಲ್ಲ, ಸ್ವಲ್ಪ ಸುತ್ತಿ ಬರಬೇಕು ಅಷ್ಟೆ.

ಕಲಿಸೋದೇನು?

ಹೊಸ ಮನೆ ಕಟ್ಟಿಸಿದವರಿಗೆ ಗೊತ್ತು, ಎಲೆಕ್ಟ್ರಿಷಿಯನ್ ಕೆಲಸ ಬಣ್ಣ ಬಳಿದ ಮೇಲೆ ಶುರುವಾಗೋದಲ್ಲ. ಮೋಲ್ಡ್ ಹಾಕುವ ಮೊದಲೇ ಕಂಬಿಯ ನಡುವೆ ಪೈಪ್ ಎಳೆದಿರಬೇಕು. ಆಮೇಲೆ ಗೋಡೆ ಕೊರೆಯುವುದು, ವೈರ್ ಎಳೆಯುವುದು, ಡಿಬಿ ಕೂರಿಸುವುದು, ಅರ್ಥಿಂಗ್, ಕೊನೆಗೆ ಮೀಟರಿನಿಂದ ಸಂಪರ್ಕ. ಈ ಒಂದೊಂದಕ್ಕೂ ಲೆಕ್ಕವಿದೆ. ಸಾಮಾನ್ಯವಾಗಿ ಲೈಟಿಗೆ 1.5 ಚದರ ಮಿಲಿಮೀಟರ್ ವೈರ್ ಸಾಕಾದರೆ, ಗೀಸರಿಗೆ 4 ಬೇಕಾಗುತ್ತದೆ. ತೆಳ್ಳಗಿನ ವೈರಿನಿಂದ ಗೀಸರ್ ಓಡಿಸಿದರೆ ಅದು ಗೋಡೆಯೊಳಗೇ ಕಾದು, ನಿರೋಧಕ ಕರಗಿ, ಬೆಂಕಿ ಹತ್ತಬಹುದು. ಹೀಗೇಕೆ ಎಂಬ ಕಾರಣವನ್ನು ತರಬೇತಿಯಲ್ಲಿ ಕಲಿಸುತ್ತಾರೆ. ಮೇಸ್ತ್ರಿಯ ಹಿಂದೆ ಓಡಾಡಿ ಕಲಿತವನಿಗೆ ಕೈಚಳಕ ಬಂದೀತು, ಕಾರಣ ಗೊತ್ತಿರುವುದು ಅಪರೂಪ.

ಮೋಟರ್ ವೈಂಡಿಂಗ್, ಟ್ರಾನ್ಸ್‌ಫಾರ್ಮರ್, ಪ್ಯಾನಲ್ ಬೋರ್ಡ್, ಈಗೀಗ ಸೋಲಾರ್ ಕೂಡ ಪಾಠದಲ್ಲಿದೆ. 2024ರಲ್ಲಿ ಕೇಂದ್ರ ಸರ್ಕಾರ ಮನೆಯ ಚಾವಣಿಗೆ ಸೋಲಾರ್ ಹಾಕಿಸಲು 'ಪಿಎಂ ಸೂರ್ಯಘರ್' ಯೋಜನೆ ತಂದ ಮೇಲೆ ಅದನ್ನು ಬಲ್ಲ ಕೈಗಳಿಗೆ ಕೆಲಸವೂ ಹೆಚ್ಚಿದೆ.

ಅಪಾಯ ಇಲ್ವಾ?

ಇದೆ. ಅದನ್ನು ಮುಚ್ಚಿಡುವುದು ಬೇಡ. ಆದರೆ ಅಪಾಯ ಹೆಚ್ಚಿರೋದು ಅರೆಬರೆ ಕಲಿತವರಿಗೆ. 'ಒಂದೇ ನಿಮಿಷದ ಕೆಲಸ, ಮೇನ್ ಆಫ್ ಮಾಡೋದ್ಯಾಕೆ' ಅನ್ನುವ ಉದಾಸೀನವೇ ಪ್ರಾಣಕ್ಕೆ ಎರವಾಗುವುದು. ಮೇನ್ ಆಫ್ ಮಾಡು, ಬೇರೆ ಯಾರೂ ಆನ್ ಮಾಡದಂತೆ ನೋಡಿಕೋ, ಟೆಸ್ಟ್ ಮಾಡಿ ಕರೆಂಟಿಲ್ಲ ಅಂತ ಖಾತ್ರಿ ಮಾಡಿಕೋ, ಆಮೇಲೆ ಮುಟ್ಟು. ಒಳ್ಳೆಯ ಸಂಸ್ಥೆಯಲ್ಲಿ ಈ ಶಿಸ್ತು ಅಭ್ಯಾಸವಾಗುವ ತನಕ ಬಿಡುವುದಿಲ್ಲ.

ಲೈಸೆನ್ಸ್ ಮರೆಯಬೇಡಿ

ಸರ್ಟಿಫಿಕೇಟ್ ಸಿಕ್ಕ ಮಾತ್ರಕ್ಕೆ ಗುತ್ತಿಗೆ ಹಿಡಿಯಲು ಬರುವುದಿಲ್ಲ. ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಕಂಟ್ರಾಕ್ಟರ್ ಲೈಸೆನ್ಸ್ ಎಂಬ ಮೆಟ್ಟಿಲುಗಳಿವೆ. ಕರ್ನಾಟಕದಲ್ಲಿ ಇವನ್ನು ಕೊಡುವುದು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಸ್ವಂತವಾಗಿ ಗುತ್ತಿಗೆ ಹಿಡಿದು ನಾಲ್ಕು ಜನಕ್ಕೆ ಕೆಲಸ ಕೊಡಬೇಕೆಂದರೆ ಈ ಮೆಟ್ಟಿಲು ಹತ್ತಲೇಬೇಕು. ಮಗನಿಗೆ ಇದನ್ನು ಈಗಲೇ ಹೇಳಿಡಿ.

ಮಗಳು ಕೇಳಿದರೆ?

ಖಂಡಿತ ಸೇರಿಸಿ. ಐಟಿಐಗಳಲ್ಲಿ ಹುಡುಗಿಯರಿಗೆ ಮೀಸಲು ಸೀಟುಗಳಿವೆ. ಮಹಿಳೆಯರಿಗೆಂದೇ ಇರುವ ಸರ್ಕಾರಿ ಐಟಿಐಗಳೂ ಇವೆ. ಪ್ಯಾನಲ್ ಜೋಡಣೆ, ಡ್ರಾಯಿಂಗ್, ಎಸ್ಟಿಮೇಟ್, ಟೆಸ್ಟಿಂಗ್ ಇವಕ್ಕೆಲ್ಲ ಬೇಕಾದ್ದು ತಾಳ್ಮೆ ಮತ್ತು ಗಮನ. ಸೈಟಿನಲ್ಲಿ ಶೌಚಾಲಯ, ಓಡಾಟದ ವ್ಯವಸ್ಥೆ ಹೇಗಿದೆ ಎಂದು ಮಾತ್ರ ಕೆಲಸಕ್ಕೆ ಸೇರುವ ಮುನ್ನ ವಿಚಾರಿಸಿಕೊಳ್ಳಿ.

ಸೇರಿಸುವ ಮುನ್ನ

* ಸರ್ಕಾರಿ ಐಟಿಐಗೆ ಮೊದಲು ಅರ್ಜಿ ಹಾಕಿಸಿ. ಫೀಸು ತೀರಾ ಕಡಿಮೆ, ಅಂಕಗಳ ಮೇಲೆ ಸೀಟು.
* ಖಾಸಗಿ ಸಂಸ್ಥೆಯಾದರೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ ನೋಡಿ. 'ಆರು ತಿಂಗಳಲ್ಲಿ ಐಟಿಐ' ಎಂಬ ಜಾಹೀರಾತಿಗೆ ಮರುಳಾಗಬೇಡಿ.
* ವರ್ಕ್‌ಶಾಪ್‌ಗೆ ನೀವೇ ಹೋಗಿ ನೋಡಿ. ಮೋಟರ್‌ಗಳ ಮೇಲೆ ಧೂಳು ಕೂತಿದ್ದರೆ ಅಲ್ಲಿ ಕಲಿಸುವುದು ಅಷ್ಟಕ್ಕಷ್ಟೆ.
* ಮಗುವಿಗೆ ಬಣ್ಣಗಳ ಗುರುತು ಸರಿಯಾಗಿ ಸಿಗುತ್ತದೆಯೇ ಎಂದು ಕಣ್ಣಿನ ಡಾಕ್ಟರಲ್ಲಿ ಪರೀಕ್ಷಿಸಿ. ಕೆಂಪು, ಕಪ್ಪು, ಹಸಿರು ವೈರುಗಳ ವ್ಯತ್ಯಾಸ ಇಲ್ಲಿ ಜೀವದ ಪ್ರಶ್ನೆ.
* ಹಿಂದಿನ ಬ್ಯಾಚಿನ ಇಬ್ಬರು ಮಕ್ಕಳನ್ನು ಮಾತಾಡಿಸಿ. ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಕೇಳಿ.

1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪ ಬೆಳಗಿದಾಗಿನಿಂದ ಈ ಊರು ಅಂಥ ಕೈಗಳನ್ನೇ ನಂಬಿಕೊಂಡಿದೆ. ನಿಮ್ಮ ಮನೆಗೆ ಒಳ್ಳೆಯ ಎಲೆಕ್ಟ್ರಿಷಿಯನ್ ಬೇಕಾದಾಗ ಎಷ್ಟು ದಿನ ಕಾಯುತ್ತೀರಿ, ಎಷ್ಟು ಸಲ ಫೋನ್ ಮಾಡುತ್ತೀರಿ, ಒಮ್ಮೆ ಯೋಚಿಸಿ. ಅಷ್ಟು ಬೇಡಿಕೆಯ ಕೆಲಸವನ್ನು ನಿಮ್ಮ ಮಗುವೇ ಇಷ್ಟಪಟ್ಟು ಕಲಿಯುತ್ತೇನೆಂದರೆ, ಬೇಡ ಅನ್ನುವ ಮುನ್ನ ಅವನ ಜೊತೆ ಒಂದು ಸಲ ಐಟಿಐ ವರ್ಕ್‌ಶಾಪ್‌ ನೋಡಿಬನ್ನಿ.