ಪಟ್ಟಿ ಎತ್ತಲು ಹೊರಟ ತಂಗಿಯರಿಗೆ

ಜಾತ್ರೆಗೆ, ಗಣಪತಿಗೆ ಪಟ್ಟಿ ಎತ್ತುವ ಹುಡುಗರು ಲಕ್ಷದ ಲೆಕ್ಕದಲ್ಲೇ ಮಾತಾಡ್ತಾರೆ. ಶಾಲೆಯ ಗ್ರಂಥಾಲಯಕ್ಕೆ ಹಣ ಕೂಡಿಸುವ ಹುಡುಗಿಯರು ಮಾತ್ರ ‘ಐದು ಸಾವಿರ ಆದ್ರೆ ಸಾಕ್ರಿ’ ಅಂತಾರೆ. ಯಾಕ, ತಂಗಿ?

ಕಲಬುರಗಿ ದಾಸೋಹದ ನೆಲ. ಇಲ್ಲಿ ಒಳ್ಳೆ ಕೆಲಸಕ್ಕೆ ಕೇಳೋದು ನಾಚಿಕೆಯಲ್ಲ. ನಿಜಾಮರ ಆಳ್ವಿಕೆಯ 1934ರಲ್ಲೇ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದರು. ಆ ಕಾಲಕ್ಕೆ ಎಷ್ಟು ದೊಡ್ಡ ಗುರಿ!

ಈಗ ಲೆಕ್ಕ ಹಾಕಿ. ಕಮಲಾಪುರದ ಒಂದು ಶಾಲೆಗೆ ಎರಡು ಕಪಾಟು, ಕಪಾಟು ತುಂಬ ಪುಸ್ತಕ. 50,000 ರೂಪಾಯಿ ಅಂತ ಇಟ್ಕೊಳ್ಳಿ. ನೂರು ಮನೆ, ಮನೆಗೆ 500. ಕೆಲವರು ನೂರೇ ಕೊಡ್ತಾರೆ, ಅದಕ್ಕೇ 150 ಮನೆ ಬರ್ಕೊಳ್ಳಿ. ಕಡಿಮೆ ಬಿದ್ದರೆ ಸಂತೆಯಲ್ಲಿ ಅಂಗಡಿ ಹಾಕಿ: ಭೌಗೋಳಿಕ ಸೂಚಕ ಪಡೆದ ನಿಮ್ಮೂರ ಕೆಂಪು ಬಾಳೆಹಣ್ಣು, ಅವ್ವ ಬಡಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಸ್ವಸಹಾಯ ಸಂಘದ ಅಕ್ಕಂದಿರು ‘ಕಲಬುರಗಿ ರೊಟ್ಟಿ’ ಹೆಸರಲ್ಲಿ ಮಾರ್ತಿದ್ದಾರಲ್ಲ, ಬೆಲೆ ಕಟ್ಟೋದು ಅವರನ್ನೇ ಕೇಳಿ.

ಕೊಟ್ಟವರಿಗೆಲ್ಲ ರಸೀದಿ ಕೊಡಿ. ಸಂಜೆ ಜಮಾ ಆದ ಮೊತ್ತ ಶಾಲೆ ಹಲಗೆ ಮೇಲೆ ಬರೀರಿ. ಮೊದಲ ಬಾಗಿಲಲ್ಲೇ ಪೂರ್ತಿ ಮೊತ್ತ ಹೇಳಿ: ‘ಕಾಕಾ, ಐವತ್ತು ಸಾವಿರ ಕೂಡಸ್ಲಾಕತ್ತೀವ್ರಿ. ನಿಮ್ದು ಎಷ್ಟ್ ಬರ್ಕೊಳ್ಲಿ?’