ಒಲೆ ಕರೆಂಟಿನದಾದರೆ ಮೊದಲು ಬೋಗೋಣಿಯ ತಳ ನೋಡಿ

ರಾಯಬಾಗ ತಾಲ್ಲೂಕಿನ ಮುಗಳಖೋಡದಂಥ ಊರಿನ ಅಡುಗೆಮನೆಯಲ್ಲಿ ಈಗ ಕಟ್ಟಿಗೆ ಒಲೆ, ಗ್ಯಾಸ್, ಕರೆಂಟ್ ಒಲೆ ಮೂರೂ ಅಕ್ಕಪಕ್ಕ ಇರುವುದುಂಟು. ಬೋಗೋಣಿ, ಹಂಚು ಮಾತ್ರ ಅವೇ. ತೊಡಕು ಹುಟ್ಟುವುದೇ ಅಲ್ಲಿ. ಉಬ್ಬಿದ ತಳವಿರಲಿ, ಸೊಟ್ಟ ಅಂಚಿರಲಿ, ಬೆಂಕಿ ಸುತ್ತಿಕೊಂಡು ಕಾಯಿಸುತ್ತದೆ. ಕರೆಂಟ್ ಒಲೆ ಹಾಗಲ್ಲ. ಹೊಂದುವ ಲೋಹ, ಸಪಾಟಾದ ತಳ ಎರಡನ್ನೂ ಕೇಳುತ್ತದೆ. ಈ ಒಲೆಗಳ ಬಗ್ಗೆ ಕೇಳಿಬರುವ ಕೆಲವು ಮಾತುಗಳನ್ನು ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ: “ಸ್ಟೀಲ್ ಭಾಂಡೆ ಆದ್ರ ಸಾಕು, ಇಂಡಕ್ಷನ್ ಮ್ಯಾಲ ನಡೀತೈತಿ.”

ಸತ್ಯ: ಎಲ್ಲ ಸ್ಟೀಲೂ ನಡೆಯದು. ಇಂಡಕ್ಷನ್ ಒಲೆಯಲ್ಲಿ ಕಾಯುವುದು ಮೇಲಿನ ಗಾಜಲ್ಲ, ಪಾತ್ರೆಯ ತಳ. ಒಳಗಿನ ಸುರುಳಿ ಬಿರುಸಾಗಿ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಅದರಿಂದ ತಳದಲ್ಲೇ ವಿದ್ಯುತ್ ಹರಿದು ಶಾಖವಾಗುತ್ತದೆ. ಇದಕ್ಕೆ ಆಯಸ್ಕಾಂತ ಅಂಟುವ ಲೋಹವೇ ಬೇಕು. 430 ದರ್ಜೆಯ ಸ್ಟೀಲಿಗೆ ಅದು ಗಟ್ಟಿಯಾಗಿ ಅಂಟುತ್ತದೆ, ನಿಕಲ್ ಬೆರೆತ 304ಕ್ಕೆ ಬಹುತೇಕ ಅಂಟದು. ಜರ್ಮನ್ (ಅಲ್ಯೂಮಿನಿಯಂ) ಬೋಗೋಣಿ, ಹಿತ್ತಾಳೆ, ತಾಮ್ರ ಸಾಮಾನ್ಯ ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಭಾಂಡೆ ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಆಯಸ್ಕಾಂತ ಇರಲಿ. ಅದನ್ನು ಹಚ್ಚಿ ನೋಡಬೇಕಾದ್ದು ತಳಕ್ಕೆ, ಬದಿಗಲ್ಲ.

ತಪ್ಪು ಕಲ್ಪನೆ: “ಹಂಚು ಕಬ್ಬಿಣದ್ದು, ಇಂಡಕ್ಷನ್ ಮ್ಯಾಲ ರೊಟ್ಟಿ ಚಲೋ ಬೇಯ್ತಾವ.”

ಸತ್ಯ: ಲೋಹ ಸರಿ, ಆಕಾರ ಸರಿಯಿಲ್ಲ. ನಡು ತಗ್ಗಿದ ಹಂಚು ಗಾಜಿಗೆ ತಾಗುವುದು ನಡುವೆ ಮಾತ್ರ. ಅಂಚು ಮೇಲೆದ್ದಷ್ಟೂ ಕಾಂತಕ್ಷೇತ್ರದ ಹಿಡಿತ ಸಡಿಲ. ಬಡಿದು ಅಗಲ ಮಾಡಿದ ಜೋಳದ ರೊಟ್ಟಿ ಒಳಗಿನ ಸುರುಳಿಗಿಂತ ದೊಡ್ಡದಾಗುವುದೂ ಸಾಮಾನ್ಯ. ಹೀಗಾಗಿ ಮೇಲೆ ನೀರು ಸವರಿ ತಿರುವಿ ಹಾಕುವ ಹೊತ್ತಿಗೆ ನಡುವೆ ಕರಕಲು ಚುಕ್ಕೆ, ಸುತ್ತ ಹಸಿ ಹಿಟ್ಟು. ಸಪಾಟು ತಳದ ದಪ್ಪ ಕಬ್ಬಿಣದ ತವಾ ಇಡಿ. ಮೊದಲು ಸಣ್ಣ ಉರಿಯಲ್ಲಿ ಕಾಯಿಸಿ, ಶಾಖ ಅಂಚಿಗೆ ಹರಿದ ಮೇಲೆ ಏರಿಸಿ. ರೊಟ್ಟಿಯನ್ನು ಚಿಕ್ಕದಾಗಿ ಬಡಿದು, ಅರಿವೆಯಿಂದ ಅಂಚನ್ನು ಒತ್ತುತ್ತ ತಿರುಗಿಸಿ. ಖಾಲಿ ತವಾಕ್ಕೆ ಒಮ್ಮೆಲೇ ಜೋರು ಉರಿ ಕೊಟ್ಟರೆ ತಳ ಸೊಟ್ಟಾದೀತು; ಎರಕದ ಕಬ್ಬಿಣವಾದರೆ ಬಿರುಕೂ ಬಿಟ್ಟೀತು. ನಾನ್‌ಸ್ಟಿಕ್ ಆಗಿದ್ದರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ಲೇಪವೇ ಕೆಡತೊಡಗುತ್ತದೆ.

ತಪ್ಪು ಕಲ್ಪನೆ: “ತಂತಿ ಶೆಗಡಿ ಮ್ಯಾಲ ಯಾವ ಬೋಗೋಣಿ ಇಟ್ರೂ ನಡೀತೈತಿ.”

ಸತ್ಯ: ಕಾಯುವುದೇನೋ ಹೌದು, ಜೀವಕ್ಕೆ ಅಪಾಯವಿರುವುದೂ ಇಲ್ಲೇ. ಬಿಲ್ಲೆಯ ತೋಡಿನಲ್ಲಿ ಸುರುಳಿ ತಂತಿ ಬರಿದಾಗಿ ಕಾಣುವ ಶೆಗಡಿಯಲ್ಲಿ ಆ ತಂತಿಯಲ್ಲೇ ಕರೆಂಟ್ ಹರಿಯುತ್ತಿರುತ್ತದೆ. ತಂತಿ ಉಬ್ಬಿ ಮೇಲೆದ್ದು ಬೋಗೋಣಿಗೆ ತಾಗಿದರೆ, ಹಾಲು ಉಕ್ಕಿ ಚೆಲ್ಲಿದರೆ, ಬೋಗೋಣಿಯಲ್ಲಿರುವ ಸೌಟು ಹಿಡಿದವರಿಗೆ ಶಾಕ್ ಹೊಡೆಯಬಹುದು. ತಂತಿ ಮುಚ್ಚಿರುವ, ಅರ್ಥಿಂಗ್ ಇರುವ ಹಾಟ್‌ಪ್ಲೇಟೇ ಮೇಲು. ಜರ್ಮನ್ ಬೋಗೋಣಿಯನ್ನೇ ಬಳಸಬೇಕೆಂದಿದ್ದರೆ ಗಾಜು ಹೊದಿಸಿದ ಇನ್‌ಫ್ರಾರೆಡ್ ಒಲೆಯೂ ಆದೀತು.

ತಪ್ಪು ಕಲ್ಪನೆ: “ಗಾಜು ಸುಡಂಗಿಲ್ಲ. ಚೆಲ್ಲಿದ್ದನ್ನ ಆರಿದ ಮ್ಯಾಲ ಒರೆಸಿದ್ರಾತು.”

ಸತ್ಯ: ಕಾದ ಪಾತ್ರೆಯಿಂದ ಇಂಡಕ್ಷನ್ ಗಾಜೂ ಬಿಸಿಯಾಗುತ್ತದೆ. ಇನ್‌ಫ್ರಾರೆಡ್ ಒಲೆಯಲ್ಲಂತೂ ಗಾಜು ಸ್ವಿಚ್ ಆರಿಸಿದ ಎಷ್ಟೋ ಹೊತ್ತಿನವರೆಗೆ ಸುಡುತ್ತಿರುತ್ತದೆ. ಸಾರು, ಹಾಲು ಚೆಲ್ಲಿದರೆ ಆರಲು ಬಿಡಬಹುದು. ಶೇಂಗಾ ಉಂಡೆಗೆ ಕಾಯಿಸಿದ ಬೆಲ್ಲದ ಪಾಕ ಚೆಲ್ಲಿದರೆ ಮಾತ್ರ ಬಿಡಬಾರದು. ಪಾಕ ಗಟ್ಟಿಯಾಗಿ ಕುಗ್ಗುವಾಗ ಗಾಜಿನ ಮೇಲ್ಪದರವನ್ನೇ ಕಿತ್ತುಕೊಂಡು ಬರಬಲ್ಲದು. ಒಲೆ ಆರಿಸಿ, ಕೈ ಸುಟ್ಟುಕೊಳ್ಳದಂತೆ ಉದ್ದ ಹಿಡಿಕೆಯ ಕೆರೆಯುವ ಪಟ್ಟಿಯಿಂದ ಬಿಸಿಯಿದ್ದಾಗಲೇ ತೆಗೆದುಬಿಡಿ. ಗಾಜು ಬಿರುಕು ಬಿಟ್ಟರೆ ಆ ಒಲೆಯನ್ನು ಮುಂದೆ ಬಳಸಬೇಡಿ.

ತಪ್ಪು ಕಲ್ಪನೆ: “ಯಾವ ಪ್ಲಗ್ಗಿಗಾದ್ರೂ ಹಚ್ಚು, ಅಡಗಿ ಆದಕೂಡ್ಲೆ ಕಿತ್ತು ಹಾಕು.”

ಸತ್ಯ: 2000 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಪ್ಲಗ್ಗು ಇದನ್ನು ತಾಳದು. 16 ಆಂಪಿಯರಿನದೇ ಬೇಕು, ಅರ್ಥಿಂಗ್ ಸಮೇತ. ಅಡುಗೆ ಮುಗಿದ ಮೇಲೂ ಇಂಡಕ್ಷನ್ ಒಳಗಿನ ಫ್ಯಾನು ತಿರುಗುವುದು ಬಿಡಿಭಾಗಗಳನ್ನು ತಣಿಸಲು. ಅದು ನಿಂತ ಮೇಲೆ ಗೋಡೆಯ ಸ್ವಿಚ್ ಆರಿಸಿ.

ತಪ್ಪು ಕಲ್ಪನೆ: “ಇಂಡಕ್ಷನ್‌ನಿಂದ ಅಣುಬಾಂಬಿನಂಥ ಕಿರಣ ಬರ್ತಾವ.”

ಸತ್ಯ: ಇಲ್ಲ. ಅಲ್ಲಿರುವುದು ಕಾಂತಕ್ಷೇತ್ರ, ದೂರ ಸರಿದಂತೆ ಬೇಗ ಕ್ಷೀಣಿಸುತ್ತದೆ. ಅಡುಗೆಯಲ್ಲಿ ವಿಕಿರಣ ಉಳಿಯುವ ಮಾತೇ ಇಲ್ಲ. ಆದರೆ ಪೇಸ್‌ಮೇಕರ್ ಹಾಕಿಸಿಕೊಂಡವರು ಒಲೆಯಿಂದ ಎರಡು ಅಡಿ ದೂರವಿರಬೇಕು, ವೈದ್ಯರನ್ನೂ ಕೇಳಬೇಕು.

ತಪ್ಪು ಕಲ್ಪನೆ: “ಗೃಹಜ್ಯೋತಿ ಐತಿ, ಕರೆಂಟ್ ಒಲಿ ಪುಕ್ಕಟ.”

ಸತ್ಯ: 2023ರಲ್ಲಿ ಜಾರಿಗೆ ಬಂದ ರಾಜ್ಯ ಸರ್ಕಾರದ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆಯಲ್ಲ. ಆಯಾ ಮನೆಯ 2022–23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಗೊತ್ತುಮಾಡಲಾಗಿದೆ. ಮಿತಿ ಮೀರಿದಷ್ಟಕ್ಕೆ ವಿದ್ಯುತ್ ಕಂಪನಿ ಹೆಸ್ಕಾಂನ ಬಿಲ್ ಬರುತ್ತದೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 2000 ವ್ಯಾಟಿನ ಒಲೆಯನ್ನು ದಿನಕ್ಕೆ ಒಂದು ಗಂಟೆ ಪೂರ್ಣ ಉರಿಯಲ್ಲಿ ಬಳಸಿದರೆ ತಿಂಗಳಿಗೆ 60 ಯೂನಿಟ್. ಒಂದು ಲೀಟರ್ ನೀರು ಕುದಿಯಲು ಬೇಕಾದ್ದು ಸುಮಾರು 0.1 ಯೂನಿಟ್ ಮಾತ್ರ. ತಳ ಸರಿಯಾಗಿ ಕೂಡದಿದ್ದರೆ, ಮುಚ್ಚಳ ಹಾಕದಿದ್ದರೆ ಅದು ಬೆಳೆಯುತ್ತ ಹೋಗುತ್ತದೆ. ಒಲೆಗೆ ದುಡ್ಡು ಹಾಕುವ ಮೊದಲು ಮನೆಯ ಬೋಗೋಣಿಗಳನ್ನು ಒಂದೊಂದಾಗಿ ಸಪಾಟು ಕಲ್ಲಿನ ಮೇಲಿಟ್ಟು ಅಲುಗಾಡಿಸಿ ನೋಡಿ. ಅಲುಗುವುದು ಗ್ಯಾಸಿಗಿರಲಿ, ಅಲುಗದೆ ಕೂತದ್ದು ಕರೆಂಟಿಗೆ.